ಹೇಳೋ ವೈರ್, ಉಣಿಸೋ ವೈರ್: ಕಾರ್ ಆಂಪ್ಲಿಫೈಯರ್‌ಗೆ ಫ್ಯಾನ್ ಹಾಕಿದ ಒಂದು ಪ್ರಕರಣ

ಭಾವನ ಫೋನ್ ಬಂದಾಗ ಮಧ್ಯಾಹ್ನ ಮೂರು ಗಂಟೆ. ಕಲಬುರಗಿಯಿಂದ ವಿಜಯಪುರಕ್ಕೆ ಹೊರಟಿದ್ದರು. ಜೇವರ್ಗಿ ಹತ್ತಿರ ಭೀಮಾ ಸೇತುವೆ ದಾಟಿ ರಸ್ತೆ ಬದಿಗೆ ಕಾರು ನಿಲ್ಲಿಸಿಕೊಂಡಿದ್ದರು. “ಮತ್ತ ಬಂದ್ ಆಗ್ಯಾದ ನೋಡು. ಎರಡು ಫ್ಯಾನ್ ಹಾಕ್ಸೀನಿ, ಆದ್ರೂ ಹಾಡು ನಿಲ್ತದ” ಅಂದರು. ಎರಡು ತಿಂಗಳಲ್ಲಿ ಇದು ಮೂರನೇ ಫೋನ್. ಹಾಡಿಲ್ಲದೆ ಅವರಿಗೆ ಉದ್ದದ ದಾರಿ ಸಾಗುವುದಿಲ್ಲ. ಆ ವಾರದ ಕೊನೆಗೆ ನಾನೇ ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದೆ.

ಕಾರು ಹಳೆಯ ಡಿಜೈರ್. ಡಿಕ್ಕಿಯಲ್ಲಿ ಎರಡು ಆಂಪ್, ಅಂದರೆ ಸ್ಟೀರಿಯೊದ ದನಿಯನ್ನು ದೊಡ್ಡದು ಮಾಡಿ ಸ್ಪೀಕರ್‌ಗೆ ಕೊಡುವ ಆಂಪ್ಲಿಫೈಯರ್. ಒಂದು ನಾಲ್ಕು ಚಾನೆಲ್‌ನದು, ಕ್ಲಾಸ್ ಎಬಿ ಅನ್ನುವ ಹೆಚ್ಚು ಬಿಸಿಯಾಗುವ ಬಗೆ, ಚಾನೆಲ್‌ಗೆ 75 ವ್ಯಾಟ್. ಬಾಗಿಲಿನ ನಾಲ್ಕು ಸ್ಪೀಕರ್ ಅದರ ಪಾಲಿಗೆ. ಇನ್ನೊಂದು ಕಡಿಮೆ ಬಿಸಿಯಾಗುವ ಕ್ಲಾಸ್ ಡಿ ಬಗೆಯ ಮೊನೊ (ಒಂದೇ ಚಾನೆಲ್‌ನದು), 12 ಇಂಚಿನ ಸಬ್‌ವೂಫರ್ ಅನ್ನುವ ದಪ್ಪ ದನಿಯ ಸ್ಪೀಕರ್‌ಗೆ. ಎರಡನ್ನೂ ಹಿಂದಿನ ಸೀಟಿನ ಬೆನ್ನಿಗೆ ಒಂದು ಪ್ಲೈವುಡ್ ಹಲಗೆ ಬಡಿದು ಕೂರಿಸಿದ್ದರು. ಮುಂದಿನಿಂದ ಕಾರ್ಪೆಟ್ ಸುತ್ತಿದ ಇನ್ನೊಂದು ಹಲಗೆ ಮುಚ್ಚಳ. ಡಿಕ್ಕಿ ತೆರೆದರೆ ಬಹಳ ನೀಟಾಗಿ ಕಾಣುತ್ತಿತ್ತು. ಚೀಲ, ಡಬ್ಬಿ ತಗುಲಿ ಆಂಪ್‌ಗೆ ಪೆಟ್ಟಾಗುವ ಭಯವೂ ಇಲ್ಲ. ಆದರೆ ಗಾಳಿ ಒಳಗೆ ಬರಲು ಒಂದು ಬೆರಳಗಲದ ಸಂದೂ ಇರಲಿಲ್ಲ.

ತೊಂದರೆ ಶುರುವಾದದ್ದು ಏಪ್ರಿಲ್‌ನಲ್ಲಿ. ಬೇಸಿಗೆಯಲ್ಲಿ 42 ಡಿಗ್ರಿ ಅಲ್ಲಿ ಹೊಸ ಮಾತಲ್ಲ. ಊರು ಬಿಟ್ಟು ಸುಮಾರು ನಲವತ್ತು ನಿಮಿಷಕ್ಕೆ ಬಾಗಿಲಿನ ಸ್ಪೀಕರ್‌ಗಳೆಲ್ಲ ಒಟ್ಟಿಗೆ ಸುಮ್ಮನಾಗುತ್ತಿದ್ದವು. ಸಬ್ ಮಾತ್ರ ದಬದಬ ಅನ್ನುತ್ತಿತ್ತು. ಕಾಲು ಗಂಟೆ ಬಿಟ್ಟರೆ ತಾನಾಗಿ ಮತ್ತೆ ಶುರು. ಆಂಪ್ ಹಾಕಿದ್ದ ಅಂಗಡಿಯವರು ಮೊದಲು “ಆಂಪ್ ವೀಕ್ ಇದೆ, ದೊಡ್ಡದು ಹಾಕಿಸಿ” ಅಂದರಂತೆ. ಭಾವ ಒಪ್ಪದಾಗ ಮುಚ್ಚಳದ ಒಳಗೆ ಎರಡು ಕಂಪ್ಯೂಟರ್ ಫ್ಯಾನ್ ಕೂರಿಸಿ ಕಳಿಸಿದರು.

ನಾನು ಹೋದವನು ಮೊದಲು ಮೀಟರ್ ಹಿಡಿಯಲಿಲ್ಲ. ಒಂದು ಪ್ರಶ್ನೆ ಕೇಳಿದೆ. “ಹಾಡು ನಿಂತಾಗ ಆಂಪ್‌ನ ಲೈಟ್ ಯಾವ ಬಣ್ಣ ಇರುತ್ತೆ?”

ಭಾವ ಸ್ವಲ್ಪ ಯೋಚಿಸಿದರು. “ಏಪ್ರಿಲ್‌ದಾಗ ಕೆಂಪು ಇತ್ತು. ಈಗ ಲೈಟೇ ಇರಂಗಿಲ್ಲ.”

ಇಡೀ ಪ್ರಕರಣದ ಬೀಗ ತೆರೆದದ್ದು ಈ ಮಾತು. ಆಂಪ್ ಬಿಸಿಯಾಗಿ ತಾನೇ ನಿಂತರೆ ಪ್ರೊಟೆಕ್ಟ್ ಲೈಟ್ ಕೆಂಪಗೆ ಉರಿಯುತ್ತದೆ. ಅದಕ್ಕೆ ಜೀವ ಇದೆ, ಆದರೆ ಕೆಲಸ ನಿಲ್ಲಿಸಿದೆ ಅಂತ ಅರ್ಥ. ಲೈಟೇ ಇಲ್ಲ ಅಂದರೆ ಕಥೆ ಬೇರೆ. ಆನ್ ಆಗು ಅನ್ನುವ ಆಜ್ಞೆಯೇ ಅದಕ್ಕೆ ಬರುತ್ತಿಲ್ಲ, ಇಲ್ಲವೇ ಕರೆಂಟೇ ತಪ್ಪಿದೆ. ಅಂದರೆ ಫ್ಯಾನ್ ಹಾಕಿದ ಮೇಲೆ ಇದ್ದದ್ದು ಹಳೇ ರೋಗ ಅಲ್ಲ. ಹೊಸ ರೋಗ, ಹಳೇ ಲಕ್ಷಣ. ಇನ್ನೂ ಕೆದಕಿದಾಗ ಇನ್ನೊಂದು ಸಂಗತಿ ಸಿಕ್ಕಿತು. ಮೊದಲು ಲೆಕ್ಕವಾಗಿ ನಲವತ್ತು ನಿಮಿಷಕ್ಕೆ ನಿಲ್ಲುತ್ತಿತ್ತು. ಈಗ ಹೊತ್ತುಗೊತ್ತಿಲ್ಲ. ಕೆಲವು ದಿನ ಬೆಳಗಿನ ತಂಪಿನಲ್ಲೇ ಹತ್ತು ನಿಮಿಷಕ್ಕೆ ಹೋಗುತ್ತಿತ್ತು. ನಿಂತರೆ ಎರಡೂ ಆಂಪ್ ಒಟ್ಟಿಗೆ ನಿಲ್ಲುತ್ತಿದ್ದವು, ಸಬ್ ಕೂಡ.

ಮುಚ್ಚಳ ಬಿಚ್ಚಿದೆ. ಎರಡೂ ಫ್ಯಾನಿನ ಕೆಂಪು ವೈರ್‌ಗಳನ್ನು ತಿರುಚಿ ಆಂಪ್‌ನ ಆರ್‌ಇಎಂ (ರಿಮೋಟ್) ಅನ್ನುವ ಟರ್ಮಿನಲ್‌ಗೆ ಸಿಕ್ಕಿಸಿದ್ದರು. ಹೆಡ್ ಯೂನಿಟ್‌ನಿಂದ, ಅಂದರೆ ಡ್ಯಾಶ್‌ಬೋರ್ಡಿನ ಸ್ಟೀರಿಯೊದಿಂದ, ನೀಲಿ-ಬಿಳಿ ವೈರ್ ಬಂದು ಸೇರುವ ಜಾಗ ಅದು. ಸ್ಟೀರಿಯೊ ಆನ್ ಮಾಡಿದರೆ ಆ ವೈರ್‌ನಲ್ಲಿ 12 ವೋಲ್ಟ್ ಬರುತ್ತದೆ. ಅದನ್ನು ನೋಡಿ ಆಂಪ್ ಎದ್ದೇಳುತ್ತದೆ. ಫ್ಯಾನ್‌ಗೂ 12 ವೋಲ್ಟ್ ಬೇಕು, ಸ್ಟೀರಿಯೊ ಜೊತೆಗೇ ತಿರುಗಬೇಕು, ವೈರ್ ಪಕ್ಕದಲ್ಲೇ ಇದೆ. ಅಲ್ಲಿಗೆ ಸಿಕ್ಕಿಸುವ ಆಸೆ ಯಾರಿಗಾದರೂ ಬರುತ್ತದೆ. ಈ ತಪ್ಪನ್ನು ನಾನು ಎಷ್ಟು ಕಾರುಗಳಲ್ಲಿ ನೋಡಿದ್ದೇನೋ ಲೆಕ್ಕ ಇಲ್ಲ.

ಆ ನೀಲಿ-ಬಿಳಿ ವೈರ್ ಸುದ್ದಿ ಹೇಳೋ ವೈರ್. ಹೊಟ್ಟೆಗೆ ಉಣಿಸೋ ವೈರ್ ಅಲ್ಲ. ಹೆಡ್ ಯೂನಿಟ್ ಒಳಗೆ ಅದರ ಹಿಂದೆ ಇರುವುದು ಸ್ವಿಚ್‌ನಂತೆ ಕೆಲಸ ಮಾಡುವ ಒಂದು ಪುಟ್ಟ ಟ್ರಾನ್ಸಿಸ್ಟರ್, ಇಲ್ಲವೇ ಒಂದು ಐಸಿ ಚಿಪ್‌ನ ಒಂದು ಕಾಲು. ಹಲವು ಹೆಡ್ ಯೂನಿಟ್‌ಗಳ ಮ್ಯಾನ್ಯುಯಲ್‌ನಲ್ಲಿ ಅದರ ಮಿತಿ 300 ಮಿಲಿಆಂಪ್ ಅಂತ ಬರೆದಿರುತ್ತದೆ. ಒಂದು ಆಂಪ್ಲಿಫೈಯರ್ ಆ ವೈರ್‌ನಿಂದ ಎಳೆಯುವುದು ಕೆಲವೇ ಮಿಲಿಆಂಪ್. ಹಾಗಾಗಿ ಎರಡು ಮೂರು ಆಂಪ್ಲಿಫೈಯರ್ ಇದ್ದರೂ ತೊಂದರೆ ಇಲ್ಲ. ಭಾವನ ಫ್ಯಾನ್‌ಗಳ ಲೇಬಲ್ ಓದಿದೆ. 120 ಮಿಲಿಮೀಟರ್, 12 ವೋಲ್ಟ್, 0.35 ಆಂಪಿಯರ್. ಎರಡಕ್ಕೆ 0.7 ಆಂಪಿಯರ್, ಅಂದರೆ 700 ಮಿಲಿಆಂಪ್. ಮಿತಿಯ ಎರಡು ಪಟ್ಟಿಗಿಂತ ಜಾಸ್ತಿ. ತಿರುಗಲು ಶುರುವಾಗುವ ಕ್ಷಣದಲ್ಲಿ ಇನ್ನೂ ಹೆಚ್ಚು ಎಳೆಯುತ್ತವೆ.

ಮೀಟರ್ ಹಚ್ಚಿ ನೋಡಿದೆ. ಫ್ಯಾನ್ ತಿರುಗುತ್ತಿರುವಾಗ ರಿಮೋಟ್ ಟರ್ಮಿನಲ್‌ನಲ್ಲಿ 8.6 ವೋಲ್ಟ್. ಫ್ಯಾನ್ ವೈರ್ ಬಿಚ್ಚಿದ ಕೂಡಲೇ 13.5. ಆ 8.6 ಅನ್ನುವುದು ಆಂಪ್‌ಗೆ ಹೊಸ್ತಿಲ ಮೇಲೆ ನಿಂತ ಹಾಗೆ. ಒಳಗೂ ಅಲ್ಲ, ಹೊರಗೂ ಅಲ್ಲ. ಡ್ಯಾಶ್‌ಬೋರ್ಡ್ ಒಳಗೆ ಆ ಟ್ರಾನ್ಸಿಸ್ಟರ್ ಸ್ವಲ್ಪ ಬಿಸಿಯಾಗಿ ವೋಲ್ಟ್ ಇನ್ನಷ್ಟು ಕುಸಿದರೆ ಎರಡೂ ಆಂಪ್ ಮಲಗುತ್ತವೆ. ಪುಣ್ಯಕ್ಕೆ ಹೆಡ್ ಯೂನಿಟ್‌ನ ಔಟ್‌ಪುಟ್ ಇನ್ನೂ ಸುಟ್ಟಿರಲಿಲ್ಲ. ಎಷ್ಟೋ ಕಡೆ ಸುಟ್ಟೇ ಹೋಗುತ್ತದೆ. ಆಮೇಲೆ ಆ ಸ್ಟೀರಿಯೊದಿಂದ ಯಾವ ಆಂಪೂ ಆನ್ ಆಗುವುದಿಲ್ಲ.

ಹೊಸ ರೋಗ ಸಿಕ್ಕಿತು. ಹಳೇದು ಹಾಗೇ ಇದೆ ತಾನೇ? ಫ್ಯಾನ್ ಬಿಚ್ಚಿ ಅದನ್ನೂ ನೋಡಿಬಿಡೋಣ ಅಂದೆ.

ಬಿಸಿಯ ವಿಷಯಕ್ಕೆ ಕೈ ಹಾಕುವ ಮುಂಚೆ ಆಂಪ್ ಯಾಕೆ ಬಿಸಿಯಾಗುತ್ತಿದೆ ಅಂತ ತಿಳಿಯಬೇಕು. ಸ್ಪೀಕರ್‌ನ ಓಮ್ (ಕರೆಂಟಿಗೆ ಅದು ಒಡ್ಡುವ ತಡೆ) ಕಡಿಮೆ ಇದ್ದರೆ, ಆಂಪ್ ದನಿಯನ್ನು ಎಷ್ಟು ಹಿಗ್ಗಿಸಬೇಕು ಅಂತ ಹೇಳುವ ಗೇನ್ ತಿರುಪು ಕೊನೆವರೆಗೆ ತಿರುಗಿಸಿದ್ದರೆ, ಬ್ಯಾಟರಿ ವೈರ್ ತೆಳ್ಳಗಿದ್ದರೆ ಎಷ್ಟು ಫ್ಯಾನ್ ಹಾಕಿದರೂ ಅದು ಗಾಯದ ಮೇಲೆ ಬಟ್ಟೆ ಕಟ್ಟಿದಂತೆ. ಸ್ಪೀಕರ್‌ಗಳು ಒಂದೊಂದೂ ಮೀಟರ್‌ನಲ್ಲಿ 3.6 ಓಮ್ ತೋರಿಸಿದವು. 4 ಓಮ್ ಸ್ಪೀಕರ್ ತೋರಿಸಬೇಕಾದದ್ದೇ ಅಷ್ಟು. ಎಂಜಿನ್ ಆನ್ ಇದ್ದು ಜೋರಾಗಿ ಹಾಡು ಹಚ್ಚಿದಾಗ ಬ್ಯಾಟರಿಯಲ್ಲಿ 14.1, ಆಂಪ್ ಹತ್ತಿರ 13.7. ವೈರಿಂಗ್ ಚೆನ್ನಾಗಿದೆ. ಗೇನ್ ಮಾತ್ರ ಮುಕ್ಕಾಲಿಗಿಂತ ಮೇಲಿತ್ತು. ಅರ್ಧಕ್ಕೆ ಇಳಿಸಿದೆ. ಭಾವನಿಗೆ ವ್ಯತ್ಯಾಸ ಗೊತ್ತೇ ಆಗಲಿಲ್ಲ.

ಆಮೇಲೆ ಮಧ್ಯಾಹ್ನ ಎರಡಕ್ಕೆ ಅದೇ ಜೇವರ್ಗಿ ರಸ್ತೆ ಹಿಡಿದೆವು. ನನ್ನ ಹತ್ತಿರ ಇನ್‌ಫ್ರಾರೆಡ್ ಥರ್ಮಾಮೀಟರ್ ಇತ್ತು. ಅದನ್ನು ಬಳಸುವವರಿಗೆ ಒಂದು ಮಾತು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಸುಳ್ಳು ಹೇಳುತ್ತದೆ, ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಆಂಪ್‌ನ ಹೀಟ್‌ಸಿಂಕ್ (ಶಾಖ ಹೊರಬಿಡುವ ಲೋಹದ ಭಾಗ) ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಒಂದು ತುಂಡು ಅಂಟಿಸಿ, ಅದರ ಮೇಲೆ ಹಿಡಿದು ಓದಬೇಕು. ಮೂವತ್ತೈದನೇ ನಿಮಿಷಕ್ಕೆ 78 ಡಿಗ್ರಿ. ಸೇತುವೆ ದಾಟಿದ ಸ್ವಲ್ಪ ಹೊತ್ತಿಗೆ 84. ಸ್ಪೀಕರ್ ಬಂದ್. ಲೈಟ್ ಕೆಂಪು.

ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್‌ನಲ್ಲಿ ನೋಡಿದರೆ ನಾಲ್ಕು ಚಾನೆಲ್ ಆಂಪ್ ಸರಾಸರಿ 12 ಆಂಪಿಯರ್ ಎಳೆಯುತ್ತಿತ್ತು. 13.7 ವೋಲ್ಟ್‌ಗೆ ಗುಣಿಸಿದರೆ 164 ವ್ಯಾಟ್. ಕ್ಲಾಸ್ ಎಬಿ ಆಂಪ್‌ನಲ್ಲಿ ಹಾಡು ಕೇಳುವ ಮಟ್ಟದಲ್ಲಿ ಅರ್ಧಕ್ಕಿಂತ ಹೆಚ್ಚು ಶಾಖವಾಗಿಯೇ ಹೋಗುತ್ತದೆ. ಹತ್ತಿರ ಹತ್ತಿರ 100 ವ್ಯಾಟ್ ಅನ್ನಿ. ಹಳೇ ಕಾಲದ ನೂರು ವ್ಯಾಟಿನ ಬಲ್ಬ್ ಒಂದನ್ನು ಮರದ ಪೆಟ್ಟಿಗೆಯೊಳಗೆ ಹಚ್ಚಿಟ್ಟು ಮುಚ್ಚಳ ಹಾಕಿ ಬಿಸಿಲಿನಲ್ಲಿ ಇಟ್ಟ ಹಾಗೆ. ಪಕ್ಕದ ಕ್ಲಾಸ್ ಡಿ ಸಬ್‌ಗೆ ಬಡಿಯುತ್ತಿದ್ದರೂ ಕೈ ಇಡುವಷ್ಟು ಬಿಸಿ ಮಾತ್ರ ಇತ್ತು. ಅದರ ದಕ್ಷತೆ ನೂರಕ್ಕೆ 80ರ ಆಚೆ ಇರುತ್ತದೆ. ಏಪ್ರಿಲ್‌ನಲ್ಲಿ ಸಬ್ ಮಾತ್ರ ನುಡಿಯುತ್ತಿದ್ದದ್ದು ಇದಕ್ಕೇ.

ಈಗ ಆ ಎರಡು ಫ್ಯಾನ್ ಏನು ಮಾಡುತ್ತಿದ್ದವು ಅಂತ ನೋಡಿ. ಮುಚ್ಚಿದ ಪೆಟ್ಟಿಗೆಯ ಒಳಗೇ ಇದ್ದವು. ಎರಡೂ ಆಂಪ್ ಕಡೆಗೆ ಊದುತ್ತಿದ್ದವು. ಒಳಗಿನ ಬಿಸಿ ಗಾಳಿಯನ್ನೇ ಮತ್ತೆ ಮತ್ತೆ ಆಂಪ್ ಮೇಲೆ ಸುರಿಯುತ್ತಿದ್ದವು. ಕಿಟಕಿ ಬಾಗಿಲು ಹಾಕಿದ ಅಡುಗೆಮನೆಯಲ್ಲಿ ಒಲೆ ಹೊತ್ತಿಸಿ ಫ್ಯಾನ್ ಹಾಕಿಕೊಂಡರೆ ಸೆಕೆ ಹೋಗುತ್ತದೆಯೇ?

ಸಣ್ಣ ಲೆಕ್ಕ ಹಾಕಿದೆ. ಇಂಥ ಫ್ಯಾನ್ ಒಂದು ನಿಮಿಷಕ್ಕೆ 50 ಘನ ಅಡಿ ಗಾಳಿ ತಳ್ಳುತ್ತದೆ ಅಂತ ಇಟ್ಟುಕೊಳ್ಳಿ. ಹೊಸ ಗಾಳಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗುವುದಾದರೆ, 100 ವ್ಯಾಟ್ ಶಾಖ ಹೊತ್ತುಕೊಂಡು ಹೋಗುವಾಗ ಆ ಗಾಳಿ ಬಿಸಿಯಾಗುವುದು ಬರೀ ನಾಲ್ಕು ಡಿಗ್ರಿ. ಸಂದುಗೊಂದಿನಲ್ಲಿ ಸಿಕ್ಕಿ ಅರ್ಧವೇ ಹರಿದರೂ ಎಂಟು ಡಿಗ್ರಿ. ಅಂದರೆ ಒಂದು ಫ್ಯಾನ್ ಕೂಡ ಧಾರಾಳ ಸಾಕು. ಆದರೆ ಗಾಳಿಗೆ ಬರೋ ದಾರಿ, ಹೋಗೋ ದಾರಿ ಎರಡೂ ಬೇಕು.

ಬರೋ ದಾರಿ ಅಲ್ಲೇ ಸಿಕ್ಕಿತು. ಹಿಂದಿನ ಗಾಜಿನ ಕೆಳಗಿನ ಟ್ರೇಯಲ್ಲಿ ಯಾವಾಗಲೋ 6 ಇಂಟು 9 ಇಂಚಿನ ಸ್ಪೀಕರ್‌ಗೆ ಕೊರೆದ ತೂತು ಇತ್ತು. ಈಗ ಅದರ ಮೇಲೆ ಖಾಲಿ ಜಾಲರಿ. ಅದರ ಕೆಳಗೆ ಡಿಕ್ಕಿ. ಕ್ಯಾಬಿನ್‌ನಲ್ಲಿ ಎಸಿ ಇದ್ದಾಗ 28-30 ಡಿಗ್ರಿ, ಡಿಕ್ಕಿಯಲ್ಲಿ 48. ತಂಪು ಗಾಳಿ ಅಂಗೈ ದೂರದಲ್ಲಿ ಕಾಯುತ್ತಿತ್ತು. ಹೋಗೋ ದಾರಿಯನ್ನು ಕಾರು ಮಾಡಿದವರೇ ಇಟ್ಟಿರುತ್ತಾರೆ. ಹೆಚ್ಚಿನ ಕಾರುಗಳಲ್ಲಿ ಹಿಂದಿನ ಬಂಪರ್ ಮರೆಯಲ್ಲಿ ಹೊರಕ್ಕೆ ಮಾತ್ರ ತೆರೆಯುವ ರಬ್ಬರ್ ರೆಕ್ಕೆಗಳಿರುತ್ತವೆ. ಬಾಗಿಲು ಹಾಕಿದಾಗ, ಬ್ಲೋವರ್ ಹೊರಗಿನ ಗಾಳಿ ಎಳೆದಾಗ ಒಳಗಿನ ಒತ್ತಡ ಅಲ್ಲಿಂದ ಹೊರಗೆ ಹೋಗುತ್ತದೆ.

ಹಾಗಾಗಿ ಟ್ರೇ ತೂತಿನಿಂದ ಪೆಟ್ಟಿಗೆಯ ಒಂದು ತುದಿಗೆ ಪ್ಲೈವುಡ್‌ನಲ್ಲೇ ಚಿಕ್ಕ ಗೂಡು ಮಾಡಿದೆವು. ಆ ತುದಿಯ ಫ್ಯಾನ್ ಕ್ಯಾಬಿನ್ ಗಾಳಿ ಎಳೆದು ಹೀಟ್‌ಸಿಂಕ್‌ನ ರೆಕ್ಕೆಗಳ ಉದ್ದಕ್ಕೆ ಊದುತ್ತದೆ. ಅಡ್ಡಕ್ಕಲ್ಲ, ಉದ್ದಕ್ಕೆ. ಇನ್ನೊಂದು ತುದಿಯ ಫ್ಯಾನ್ ಪೆಟ್ಟಿಗೆಯಿಂದ ಡಿಕ್ಕಿಗೆ, ಬಂಪರ್ ಕಡೆಗೆ ಮುಖ ಮಾಡಿ ಹೊರದೂಡುತ್ತದೆ. ಫ್ಯಾನ್ ಯಾವ ಕಡೆ ಊದುತ್ತದೆ ಅನ್ನುವ ಗೊಂದಲ ಇದ್ದರೆ ಸ್ಟಿಕರ್ ಮತ್ತು ಆ ನಾಲ್ಕು ಕಡ್ಡಿಗಳಿರುವ ಬದಿ ನೋಡಿ. ಸಾಮಾನ್ಯವಾಗಿ ಗಾಳಿ ಹೊರಗೆ ಬರುವುದು ಆ ಕಡೆಯಿಂದ. ಎಳೆಯುವ ಬಾಯಿಗೆ ಒಂದು ತೆಳು ಫೋಮ್ ಹಾಕಿದೆವು, ಧೂಳಿಗೆ.

ಇನ್ನು ವೈರಿಂಗ್. ಸಾಮಾನನ್ನು ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೇ ಕೊಂಡು ಬಂದಿದ್ದೆ. ನಾಲ್ಕು ಕಾಲಿನ ಸಾಮಾನ್ಯ 12 ವೋಲ್ಟ್ ಕಾರ್ ರಿಲೇ, ಫ್ಯೂಸ್ ಹೋಲ್ಡರ್, ಕೆಎಸ್‌ಡಿ301 ಅನ್ನುವ ಬಟನ್ ಗಾತ್ರದ ಥರ್ಮಲ್ ಸ್ವಿಚ್ (ಬಿಸಿಯಾದಾಗ ತಾನೇ ಕೆಲಸ ಮಾಡುವ ಸ್ವಿಚ್), ಎರಡು ಮೂರು ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವವು), ಕರೆಂಟಿನ ಏರಿಳಿತ ಸಮ ಮಾಡಲು ಒಂದು ಕೆಪಾಸಿಟರ್. ಅಷ್ಟೇ.

ರಿಲೇ ಮಾಡುವ ಕೆಲಸ ಇದು: ಹೇಳೋ ವೈರ್‌ನ ಮಾತು ಕೇಳಿ ಉಣಿಸೋ ವೈರ್‌ನ ಬಾಗಿಲು ತೆರೆಯುವುದು. ಅದರ ಒಳಗಿನ ಕಾಯಿಲ್ ಅಳೆದೆ, 88 ಓಮ್. ಅಂದರೆ ಸುಮಾರು 155 ಮಿಲಿಆಂಪ್. ಎರಡು ಆಂಪ್ಲಿಫೈಯರ್‌ಗಳ ಪಾಲು ಸೇರಿಸಿದರೂ 300ರ ಒಳಗೆ ಆರಾಮಾಗಿ ಕೂರುತ್ತದೆ.

ರಿಲೇಯ ಕಾಲುಗಳಿಗೆ ನಂಬರ್ ಇರುತ್ತದೆ. 30ನೇ ಕಾಲಿಗೆ ಆಂಪ್‌ನ ಪ್ಲಸ್ ಟರ್ಮಿನಲ್‌ನಿಂದ 0.75 ಚದರ ಮಿಲಿಮೀಟರ್ ವೈರ್ ಎಳೆದೆ. ನಡುವೆ, ಟರ್ಮಿನಲ್‌ಗೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ, 2 ಆಂಪಿಯರ್ ಫ್ಯೂಸ್. ಇದನ್ನು ಯಾರೂ ಬಿಡಬಾರದು. ಆಂಪ್‌ನ ದಪ್ಪ ವೈರ್‌ಗೆ ಬ್ಯಾಟರಿ ಹತ್ತಿರ ಇರುವ ಫ್ಯೂಸ್ 60 ಆಂಪಿಯರ್‌ನದು. ಫ್ಯಾನಿನ ತೆಳು ವೈರ್ ಎಲ್ಲೋ ಉಜ್ಜಿ ಕಾರಿನ ಲೋಹದ ಮೈಗೆ ತಗುಲಿದರೆ ಆ ದೊಡ್ಡ ಫ್ಯೂಸ್ ಹಾರುವ ಮೊದಲೇ ತೆಳು ವೈರ್ ಕೆಂಡವಾಗಿರುತ್ತದೆ. ಸುತ್ತ ಇರುವುದು ಪ್ಲೈವುಡ್ ಮತ್ತು ಕಾರ್ಪೆಟ್.

87ರಿಂದ ಫ್ಯಾನ್‌ಗಳ ಪ್ಲಸ್‌ಗೆ. 85 ಗ್ರೌಂಡ್‌ಗೆ, ಅಂದರೆ ಮೈನಸ್ ಆಗಿರುವ ಕಾರಿನ ಲೋಹದ ಮೈಗೆ. 86ಕ್ಕೆ ರಿಮೋಟ್ ವೈರ್‌ನ ಒಂದು ಕವಲು, ಥರ್ಮಲ್ ಸ್ವಿಚ್ ಮೂಲಕ. ಕವಲು ಅನ್ನುವ ಪದ ಗಮನಿಸಿ. ಸ್ವಿಚ್ ಇರಬೇಕಾದದ್ದು ಫ್ಯಾನ್ ಕಡೆಗೆ ಹೋಗುವ ಕವಲಿನಲ್ಲಿ ಮಾತ್ರ. ಮುಖ್ಯ ರಿಮೋಟ್ ವೈರ್‌ನಲ್ಲೇ ಅದನ್ನು ಸೇರಿಸಿಬಿಟ್ಟರೆ ಆಂಪ್ ಬಿಸಿಯಾಗದೆ ಆನ್ ಆಗುವುದಿಲ್ಲ, ಆನ್ ಆಗದೆ ಬಿಸಿಯಾಗುವುದಿಲ್ಲ!

ಸ್ವಿಚ್ 50 ಡಿಗ್ರಿಯದು, ನಾರ್ಮಲಿ ಓಪನ್: ತಣ್ಣಗಿದ್ದಾಗ ಕರೆಂಟ್ ಬಿಡುವುದಿಲ್ಲ, ಬಿಸಿಯಾದಾಗ ಬಿಡುತ್ತದೆ. ಇದೇ ಅಂಕಿಯಲ್ಲಿ ಇದರ ಉಲ್ಟಾ, ನಾರ್ಮಲಿ ಕ್ಲೋಸ್ಡ್ ಕೂಡ ಸಿಗುತ್ತದೆ. ನೋಡಲು ಎರಡೂ ಒಂದೇ ಥರ. ಅಂಗಡಿಯಲ್ಲೇ ಮೀಟರ್ ಹಚ್ಚಿ ನೋಡಿಕೊಳ್ಳುವುದು ಒಳ್ಳೆಯದು. ಅದನ್ನು ಥರ್ಮಲ್ ಪೇಸ್ಟ್ ಬಳಿದು ಹೀಟ್‌ಸಿಂಕ್‌ಗೆ ಸ್ಕ್ರೂ ಮಾಡಿದೆ. ಫ್ಯಾನಿನ ಗಾಳಿ ನೇರ ಬೀಳದ ಮಗ್ಗುಲಿಗೆ. ಇಲ್ಲದಿದ್ದರೆ ಗಾಳಿಗೆ ತಾನು ತಂಪಾಗಿ, ಆಂಪ್ ಇನ್ನೂ ಸುಡುತ್ತಿರುವಾಗಲೇ ಫ್ಯಾನ್ ನಿಲ್ಲಿಸಿಬಿಡುತ್ತದೆ. ಸ್ವಿಚ್ ಇಲ್ಲದೆಯೂ ಈ ವೈರಿಂಗ್ ನಡೆಯುತ್ತದೆ, ಸ್ಟೀರಿಯೊ ಆನ್ ಇರುವಷ್ಟು ಹೊತ್ತೂ ಫ್ಯಾನ್ ತಿರುಗುತ್ತದೆ. ಆದರೆ ಡಿಸೆಂಬರ್ ಬೆಳಗ್ಗೆ ಸಣ್ಣ ದನಿಯಲ್ಲಿ ವಚನ ಕೇಳುವಾಗ ಹಿಂದೆ ಗುಂಯ್ ಅನ್ನುವ ಸದ್ದು ಯಾಕೆ ಬೇಕು ಅಲ್ವಾ?

ಕಾಯಿಲ್‌ಗೆ ಅಡ್ಡವಾಗಿ 1ಎನ್4007 ಡಯೋಡ್, ಬೆಳ್ಳಿ ಗೆರೆ 86ರ ಕಡೆ. ರಿಲೇ ಆಫ್ ಆಗುವ ಕ್ಷಣದಲ್ಲಿ ಕಾಯಿಲ್ ಹಿಂದಕ್ಕೆ ಒದೆಯುವ ಹೆಚ್ಚು ವೋಲ್ಟ್ ಹೆಡ್ ಯೂನಿಟ್‌ನ ಆ ಪುಟ್ಟ ಟ್ರಾನ್ಸಿಸ್ಟರ್‌ಗೆ ತಗುಲಬಾರದು. ಹತ್ತು ರೂಪಾಯಿಯೊಳಗಿನ ವಸ್ತು ಒಂದು ಸ್ಟೀರಿಯೊ ಉಳಿಸುತ್ತದೆ. ಐದು ಕಾಲಿನ ರಿಲೇ ಸಿಕ್ಕರೆ ನಡುವಿನ 87ಎ ಮುಟ್ಟಬೇಡಿ. ಅದು ಉಲ್ಟಾ ಕೆಲಸದ ಕಾಲು. ಕಾರು ನಿಂತಾಗ ಫ್ಯಾನ್ ತಿರುಗುತ್ತದೆ. 0.7 ಆಂಪಿಯರ್ ಅಂದರೆ ದಿನಕ್ಕೆ ಸುಮಾರು 17 ಆಂಪಿಯರ್-ಅವರ್. 35ರ ಬ್ಯಾಟರಿ ಎರಡೇ ದಿನಕ್ಕೆ ಖಾಲಿ.

ಫ್ಯಾನ್‌ಗಳನ್ನು ಪ್ಯಾರಲಲ್‌ನಲ್ಲೇ, ಅಂದರೆ ಎರಡಕ್ಕೂ ಪೂರ್ತಿ ವೋಲ್ಟ್ ಸಿಗುವಂತೆ ಜೋಡಿಸಿದೆ. ಎರಡನ್ನು ಒಂದರ ಹಿಂದೆ ಒಂದು ಸೀರೀಸ್ ಮಾಡಿದರೆ ಸದ್ದು ಕಡಿಮೆ ಅಂತ ಕೆಲವರು ಮಾಡುತ್ತಾರೆ. ಆದರೆ ಈ ಬಗೆಯ ಬ್ರಷ್‌ಲೆಸ್ ಮೋಟಾರಿನ ಫ್ಯಾನ್‌ಗಳು ವೋಲ್ಟನ್ನು ಸಮ ಹಂಚಿಕೊಳ್ಳುವುದಿಲ್ಲ. ಒಂದು ತಿರುಗಿ ಇನ್ನೊಂದು ಸುಮ್ಮನೆ ನಡುಗುತ್ತಾ ನಿಲ್ಲುವುದನ್ನು ನೋಡಿದ್ದೇನೆ. ವೈರ್ ಬಣ್ಣದ ಬಗ್ಗೆಯೂ ಎಚ್ಚರ. ಮೂರು ವೈರಿನ ಫ್ಯಾನ್‌ನಲ್ಲಿ ಸಾಮಾನ್ಯವಾಗಿ ಕೆಂಪು ಪ್ಲಸ್, ಕಪ್ಪು ಮೈನಸ್, ಹಳದಿ ವೇಗ ಅಳೆಯಲು. ನಾಲ್ಕು ವೈರಿನ ಕಂಪ್ಯೂಟರ್ ಫ್ಯಾನ್‌ನಲ್ಲಿ ಹಲವು ಸಲ ಅದೇ ಹಳದಿಯೇ ಪ್ಲಸ್ ಆಗಿರುತ್ತದೆ. ಬಣ್ಣ ನಂಬುವ ಬದಲು ಲೇಬಲ್ ಓದಿ. ಉಳಿದ ವೈರ್‌ಗಳನ್ನು ಒಂದೊಂದಾಗಿ ಟೇಪ್ ಸುತ್ತಿ ಬಿಟ್ಟರಾಯಿತು.

ಇವು 12 ವೋಲ್ಟ್ ಫ್ಯಾನ್. ಓಡುವ ಕಾರಿನಲ್ಲಿ 14ರ ಮೇಲೆ ಬರುತ್ತದೆ. ಸುಡುವುದಿಲ್ಲ, ಆದರೆ ಕೂಗುತ್ತವೆ, ಬೇರಿಂಗ್ ಬೇಗ ಸವೆಯುತ್ತದೆ. 1ಎನ್5408 ಡಯೋಡ್ ಎರಡನ್ನು ಫ್ಯಾನಿನ ಪ್ಲಸ್ ದಾರಿಯಲ್ಲಿ ಒಂದರ ಹಿಂದೆ ಒಂದು ಹಾಕಿದೆ. ಒಂದೊಂದು ಸುಮಾರು 0.7 ವೋಲ್ಟ್ ತಿನ್ನುತ್ತದೆ. ಫ್ಯಾನ್ ಹತ್ತಿರ ಅಳೆದಾಗ 12.5 ಬಂತು.

ಎಲ್ಲ ಮುಗಿಸಿ, ಬಿಸಿನೀರಿನ ಚೀಲ ಹೀಟ್‌ಸಿಂಕ್‌ಗೆ ಒತ್ತಿ ಹಿಡಿದೆ. ಟಕ್ ಅಂತ ರಿಲೇ, ಫ್ಯಾನ್ ತಿರುಗಿತು. ರಿಮೋಟ್ ಟರ್ಮಿನಲ್‌ನಲ್ಲಿ 13.3. ಭಾವ ಖುಷಿಯಾಗಿ ಚಹಾ ಹೇಳಿ ಬಂದರು. ಆದರೆ ವಾಲ್ಯೂಮ್ ಇಳಿಸಿದಾಗ ಸ್ಪೀಕರ್‌ನಲ್ಲಿ ಸಣ್ಣ ಸಿಳ್ಳೆ. ಎಕ್ಸಿಲರೇಟರ್ ಒತ್ತಿ ನೋಡಿದೆ. ಆಲ್ಟರ್ನೇಟರ್ ಸಿಳ್ಳೆಯಾದರೆ ಎಂಜಿನ್ ಜೊತೆ ಏರುತ್ತದೆ, ಇಳಿಯುತ್ತದೆ. ಇದು ಕದಲಲಿಲ್ಲ. ಫ್ಯಾನ್ ಫ್ಯೂಸ್ ತೆಗೆದರೆ ಮಾಯ. ಫ್ಯಾನಿನ ಒಳಗಿನ ಮೋಟಾರ್ ಕರೆಂಟನ್ನು ಕತ್ತರಿಸಿ ಕತ್ತರಿಸಿ ಎಳೆಯುತ್ತದೆ. ಆ ಸದ್ದು ಹಾಡಿನ ದಾರಿಗೆ ಸೇರುತ್ತಿತ್ತು. ನೋಡಿದರೆ ನಾನೇ ಫ್ಯಾನ್ ವೈರನ್ನು, ಸ್ಟೀರಿಯೊದಿಂದ ಆಂಪ್‌ಗೆ ಹಾಡು ತರುವ ಆರ್‌ಸಿಎ ಕೇಬಲ್ ಜೊತೆ ಒಂದೇ ಟೈನಲ್ಲಿ ಕಟ್ಟಿದ್ದೆ. ಬಿಚ್ಚಿ ಪೆಟ್ಟಿಗೆಯ ಆಚೆ ಬದಿಯಿಂದ ತಂದೆ. ಫ್ಯಾನ್ ಗ್ರೌಂಡನ್ನು ಆಂಪ್ ಗ್ರೌಂಡ್ ಬೋಲ್ಟ್‌ಗೇ, ಪೇಂಟ್ ಕೆರೆದ ಜಾಗಕ್ಕೆ, ಬೇರೆ ವೈರ್‌ನಲ್ಲಿ ಒಯ್ದೆ. ಫ್ಯಾನ್‌ಗಳ ಪ್ಲಸ್ ಮೈನಸ್ ನಡುವೆ 1000 ಮೈಕ್ರೋಫ್ಯಾರಡ್, 35 ವೋಲ್ಟ್ ಕೆಪಾಸಿಟರ್ ಕೂರಿಸಿದೆ. ಆಮೇಲೆ ಕಿವಿಯನ್ನು ಟ್ವೀಟರ್‌ಗೆ ಹಚ್ಚಿದರೂ ಏನೂ ಕೇಳಿಸಲಿಲ್ಲ.

ಮಾರನೇ ದಿನ ಮಧ್ಯಾಹ್ನ ಎರಡಕ್ಕೆ ಅದೇ ರಸ್ತೆ, ಅದೇ ಹಾಡುಗಳು, ಅದೇ ವಾಲ್ಯೂಮ್. ಹೊರಗೆ 41. ಭೀಮಾ ಸೇತುವೆ ಮೇಲೆ ಕಪ್ಪು ಟೇಪ್ 55 ತೋರಿಸಿತು. ಜೇವರ್ಗಿ ದಾಟಿದಾಗ 57. ಸಿಂದಗಿವರೆಗೆ ಹೋದೆವು, 57ರಿಂದ ಮೇಲೆ ಏರಲೇ ಇಲ್ಲ. ಗೇನ್ ಇಳಿಸಿಯೇ ಹಿಂದಿನ ದಿನವೂ ಓಡಿಸಿದ್ದರಿಂದ, ಈ ಇಪ್ಪತ್ತೇಳು ಡಿಗ್ರಿ ಇಳಿದದ್ದು ಗಾಳಿ ದಾರಿಯಿಂದಲೇ. ಎಸಿ ಬಂದ್ ಮಾಡಿ ಕಿಟಕಿ ಇಳಿಸಿ ಇಪ್ಪತ್ತು ನಿಮಿಷ ನೋಡಿದೆವು. 68ಕ್ಕೆ ಹೋಗಿ ನಿಂತಿತು. ಆಗಲೂ ಹಾಡು ನಿಲ್ಲಲಿಲ್ಲ. ಸಿಂದಗಿಯಲ್ಲಿ ಕಬ್ಬಿನ ಹಾಲು ಕುಡಿದು ವಾಪಸ್ ಬಂದೆವು.

ದೀಪಾವಳಿಗೆ ಮತ್ತೆ ಹೋದಾಗ ಮೊದಲು ಡಿಕ್ಕಿ ತೆರೆದೆ. ಹಾಡು ಒಂದು ದಿನವೂ ನಿಂತಿರಲಿಲ್ಲ. ಆದರೆ ಬಿಸಿ ಅಳೆದಾಗ, ಬಿಸಿಲು ಅಷ್ಟಿಲ್ಲದಿದ್ದರೂ 66 ಬಂತು. ಫೋಮ್ ತೆಗೆದು ನೋಡಿದರೆ ಎರೆಮಣ್ಣಿನ ಧೂಳು ಕಂಬಳಿಯಂತೆ ಕೂತಿತ್ತು. ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣಿಸುತ್ತಿರಲಿಲ್ಲ. ನಲ್ಲಿ ಕೆಳಗೆ ತೊಳೆದು ಒಣಗಿಸಿ ಹಾಕಿದೆ. 52ಕ್ಕೆ ಇಳಿಯಿತು. ಈಗ ಭಾವ ಪ್ರತಿ ಸಲ ಕಾರ್ ಸರ್ವಿಸ್‌ಗೆ ಬಿಡುವ ಮುಂಚೆ ಆ ಫೋಮನ್ನು ತಾವೇ ತೆಗೆದು ತೊಳೆಯುತ್ತಾರೆ.